ಸಿಂಗಪುರದಲ್ಲಿ ಇದಾ, ಅದಾ? ತಿನ್ನಲು, ಕೂರಲು, ಸುತ್ತಲು ನನ್ನ ಆಯ್ಕೆ

ಸಿಂಗಪುರಕ್ಕೆ ಬರುವವರಿಗೆ ಪಟ್ಟಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆ ಪಟ್ಟಿಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ತೊಂದರೆ ಅಲ್ಲೇ ಇರುವುದು. ಕೈಯಲ್ಲಿ ಎರಡೇ ದಿನ ಇರುವವರಿಗೆ ಇಪ್ಪತ್ತು ಹೆಸರು ಕೊಟ್ಟರೆ ಏನು ಮಾಡಬೇಕು? ಇದಾ, ಅದಾ ಅಂತ ಹೇಳಬೇಕು.

ಇಲ್ಲಿ ಸಂಸಾರ ಹೂಡಿ ಹಲವು ವರ್ಷವಾಗಿದೆ. ಊರಿಂದ ಬಂದವರನ್ನು ಸುತ್ತಾಡಿಸುವುದು ನಮ್ಮ ಮನೆಯಲ್ಲಿ ಹೆಚ್ಚುಕಮ್ಮಿ ನನ್ನದೇ ಕೆಲಸ. ಹಾಗಾಗಿ ಒಂದು ಅಳತೆ ಇಟ್ಟುಕೊಂಡಿದ್ದೇನೆ. ನೆಂಟರು ಯಾರೂ ಇಲ್ಲದ ಶನಿವಾರ ನಾನಾಗಿಯೇ ಅಲ್ಲಿಗೆ ಹೋಗುತ್ತೇನಾ? ಹೋಗುತ್ತೇನೆ ಅಂದರೆ ಅದಕ್ಕೆ ಮೊದಲ ಮಾರ್ಕು. ನಾನು ಸಸ್ಯಾಹಾರಿ, ಯಜಮಾನರು ಮೀನು, ಕೋಳಿ ಎಲ್ಲ ತಿನ್ನುವವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊಟದ ವಿಷಯದಲ್ಲಿ ತೀರ್ಪು ಅದರ ಮೇಲೇ ನಿಂತಿದೆ.

ಊಟ: ಟೆಕ್ಕಾ ಮತ್ತು ಮ್ಯಾಕ್ಸ್‌ವೆಲ್

ಇಲ್ಲಿನ ಜನ ಊಟ ಮಾಡುವುದು ಹಾಕರ್ ಸೆಂಟರುಗಳಲ್ಲಿ. ಒಂದು ದೊಡ್ಡ ಸೂರು, ಸುತ್ತಲೂ ಪುಟ್ಟ ಪುಟ್ಟ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜು. 2020ರಲ್ಲಿ ಈ ಹಾಕರ್ ಸಂಸ್ಕೃತಿ ಯುನೆಸ್ಕೊ ಪಟ್ಟಿಗೂ ಸೇರಿತು. ಪ್ರವಾಸಿಗರೆಲ್ಲ ಮೊದಲು ಓಡುವುದು ಚೈನಾಟೌನ್ ಪಕ್ಕದ ಮ್ಯಾಕ್ಸ್‌ವೆಲ್‌ಗೆ. ಅದಕ್ಕೆ ಕಾರಣ ಹೈನಾನ್ ಚಿಕನ್ ರೈಸ್. ಬೇಯಿಸಿದ ಕೋಳಿ, ಅದೇ ಸಾರಿನಲ್ಲಿ ಬೆಂದ ಅನ್ನ, ಪಕ್ಕದಲ್ಲಿ ಮೆಣಸಿನಕಾಯಿ, ಶುಂಠಿಯ ಚಟ್ನಿ. ಟಿಯನ್ ಟಿಯನ್ ಅಂಗಡಿಯ ಮುಂದೆ ಸಾಲು ಕರಗುವುದೇ ಇಲ್ಲ. ಟಿವಿಯಲ್ಲಿ ಊರೂರು ಸುತ್ತಿ ತಿನ್ನುತ್ತಿದ್ದ ಅಮೆರಿಕದ ಬಾಣಸಿಗ ಆಂಥೋನಿ ಬೋರ್ಡೇನ್ ಹೊಗಳಿದ ಮೇಲೆ ಆ ಸಾಲು ಇನ್ನೂ ಉದ್ದವಾಯಿತು. ಪಕ್ಕದ ಅಂಗಡಿಯ ಕೋಳಿಯೂ ಅಷ್ಟೇ ಚೆನ್ನಾಗಿದೆ ಅನ್ನುವುದು ಯಜಮಾನರ ಅಭಿಪ್ರಾಯ. ಸಾಲಲ್ಲಿ ನಿಲ್ಲುವ ತಾಳ್ಮೆ ಅವರಿಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಹೋಗಿ ನೋಡಿ. ಮೇಜುಗಳೆಲ್ಲ ಖಾಲಿ ಕಾಣುತ್ತವೆ, ಆದರೆ ಒಂದೊಂದು ಕುರ್ಚಿಯ ಮುಂದೂ ಒಂದೊಂದು ಟಿಶ್ಯೂ ಪೇಪರ್ ಪೊಟ್ಟಣ. ಕೆಲವು ಕಡೆ ಆಫೀಸಿನ ಗುರುತಿನ ಚೀಟಿಯೇ ಇರುತ್ತದೆ. ಇದಕ್ಕೆ 'ಚೋಪ್' ಮಾಡುವುದು ಅನ್ನುತ್ತಾರೆ. ನಮ್ಮ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗೆ! ವ್ಯತ್ಯಾಸ ಇಷ್ಟೇ, ಇಲ್ಲಿ ಆ ಪೊಟ್ಟಣವನ್ನು ಯಾರೂ ಪಕ್ಕಕ್ಕೆ ಸರಿಸುವುದಿಲ್ಲ, ಜಗಳಕ್ಕೂ ಬರುವುದಿಲ್ಲ.

ಸಸ್ಯಾಹಾರಿಗೆ ಮ್ಯಾಕ್ಸ್‌ವೆಲ್‌ನಲ್ಲಿ ಕೆಲಸ ಕಮ್ಮಿ. ಬರೀ ಸೊಪ್ಪಿನ ನೂಡಲ್ಸ್ ಅಂತ ಕೇಳಿ ತಂದರೂ ಸಾರಿನಲ್ಲಿ ಮೀನೋ ಒಣಸೀಗಡಿಯೋ ಇರಬಹುದು. ನಾನು ಕಬ್ಬಿನ ಹಾಲಿಗೆ ನಿಂಬೆ ಹಿಂಡಿಸಿಕೊಂಡು ಕೂರುತ್ತೇನೆ. ಎದುರಿಗೇ ಬುದ್ಧನ ದಂತ ದೇವಾಲಯ ಇದೆ, ಹತ್ತು ಹೆಜ್ಜೆ ನಡೆದರೆ 1827ರ ಮಾರಿಯಮ್ಮನ ಗುಡಿ. ಹಾಗಾಗಿ ನೆಂಟರಿಗೆ ಆ ಕಡೆ ಅರ್ಧ ದಿನ ಸಲೀಸಾಗಿ ಕಳೆಯುತ್ತದೆ.

ಟೆಕ್ಕಾದ ರೀತಿಯೇ ಬೇರೆ. ಲಿಟಲ್ ಇಂಡಿಯಾ ಎಂಆರ್‌ಟಿ (ಇಲ್ಲಿನ ಮೆಟ್ರೊ) ನಿಲ್ದಾಣದಿಂದ ಹೊರಗೆ ಬಂದರೆ ಅಲ್ಲೇ. ಒಂದು ಕಡೆ ಮೀನು, ಮಾಂಸ, ತರಕಾರಿಯ ಹಸಿ ಮಾರುಕಟ್ಟೆ, ಇನ್ನೊಂದು ಕಡೆ ಊಟದ ಅಂಗಡಿಗಳು, ಮೇಲಿನ ಮಹಡಿಯಲ್ಲಿ ಬಟ್ಟೆ, ಟೈಲರ್‌ಗಳು. ನುಗ್ಗೆಕಾಯಿ, ಕರಿಬೇವು, ಬಾಳೆಎಲೆ, ಎಲ್ಲವೂ ಸಿಗುತ್ತದೆ. ತಮಿಳು ಬಾರದಿದ್ದರೂ 'ಅಣ್ಣೆ' ಅಂತ ಕರೆದರೆ ಒಂದು ಎಸಳು ಕರಿಬೇವು ಜಾಸ್ತಿ ಬೀಳುತ್ತದೆ. ಚೀನೀಯರ ಅಂಗಡಿಯಲ್ಲಾದರೆ 'ಅಂಕಲ್', 'ಆಂಟಿ' ಅಂದರೆ ಸಾಕು.

ತಿನ್ನಲು ದೋಸೆ, ಅಪ್ಪಂ, ಪರಾಟ ಇವೆ. ಮಾಂಸ ತಿನ್ನುವವರಿಗೆ ಬಿರಿಯಾನಿ ಇದೆ. ಆದರೆ ನನ್ನನ್ನು ಅಲ್ಲಿಗೆ ಎಳೆಯುವುದು 'ಪುಟ್ಟು ಮಾಯಂ'. ನೋಡಿದರೆ ನಮ್ಮ ಒತ್ತುಶಾವಿಗೆಯೇ. ಅದರ ಮೇಲೆ ಹಸಿ ತೆಂಗಿನತುರಿ, ಪಕ್ಕದಲ್ಲಿ ಒಂದು ಚಮಚ ಕೇಸರಿ ಬಣ್ಣದ ಸಕ್ಕರೆ. ಮಲೆನಾಡಿನ ನಮ್ಮ ಮನೆಯಲ್ಲಿ ಒತ್ತುಶಾವಿಗೆಗೆ ಕಾಯಿಹಾಲು, ಬೆಲ್ಲ. ಮೊದಲ ಸಲ ಆ ಬಣ್ಣ ನೋಡಿ ಅನುಮಾನ ಬಂದಿತ್ತು. ಈಗ ಮನೆಯಲ್ಲೂ ಮಗಳು ಅದೇ ಸಕ್ಕರೆ ಬೇಕು ಅನ್ನುತ್ತಾಳೆ.

ಟೆಕ್ಕಾ ಅಂದರೆ ಸದ್ದು, ಸೆಕೆ, ಒದ್ದೆ ನೆಲ. ಫ್ಯಾನು ತಿರುಗುತ್ತಿದ್ದರೂ ಬೆವರು ಇಳಿಯುತ್ತದೆ. ಭಾನುವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಕಟ್ಟಡ ಕೆಲಸಕ್ಕೆ ಬಂದ ತಮಿಳು, ಬಂಗಾಳಿ ಹುಡುಗರಿಗೆ ವಾರದಲ್ಲಿ ಅದೊಂದೇ ರಜೆ. ಆದರೂ ನನ್ನ ಶನಿವಾರ ಬೆಳಗ್ಗೆ ಟೆಕ್ಕಾಗೇ. ಎಲ್ಲಿ ತಿಂದರೂ ತಟ್ಟೆ ನೀವೇ ಎತ್ತಿಡಬೇಕು, ಮರೆಯಬೇಡಿ. 2021ರಿಂದ ಅದು ಕಡ್ಡಾಯ. ಹಲಾಲ್ ತಟ್ಟೆಗೆ ಬೇರೆ ಜಾಗ, ಉಳಿದದ್ದಕ್ಕೆ ಬೇರೆ.

ಕೂತು ತಿನ್ನುವ ಹೋಟೆಲ್ ಬೇಕು ಅಂದರೆ ಸೆರಂಗೂನ್ ರಸ್ತೆಯಲ್ಲೇ ಇನ್ನೊಂದು ಪೈಪೋಟಿ ಇದೆ. ಕೋಮಳ ವಿಲಾಸ್ 1947ರಿಂದ ಇದೆ. ಎಂಟಿಆರ್ ಬಂದದ್ದು 2013ರಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ. ಹೌದು, ಲಾಲ್‌ಬಾಗ್ ರಸ್ತೆಯ ಅದೇ ಎಂಟಿಆರ್. ಕೋಮಳದಲ್ಲಿ ದೋಸೆ ತೆಳ್ಳಗೆ, ಗರಿಗರಿ, ಸಾಂಬಾರು ತಮಿಳರ ರುಚಿ. ಎಂಟಿಆರ್‌ನಲ್ಲಿ ದೋಸೆ ದಪ್ಪ, ಕೆಂಪಗೆ, ಜೊತೆಗೆ ತುಪ್ಪ. ರವೆ ಇಡ್ಲಿ ಬಗ್ಗೆ ಮಾತೇ ಬೇಡ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಅದನ್ನು ಹುಟ್ಟಿಸಿದ್ದೇ ತಾವು ಅಂತ ಅವರು ಹೇಳುತ್ತಾರೆ. ನನ್ನ ಓಟು ಯಾರಿಗೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಆದರೆ ಬಾಳೆಎಲೆ ಊಟಕ್ಕೆ ಕೋಮಳಕ್ಕೇ ಹೋಗುತ್ತೇನೆ. ಬೆಂಗಳೂರಿಂದ ಬಂದ ನೆಂಟರನ್ನಂತೂ ಎಂಟಿಆರ್‌ಗೆ ಕರೆದೊಯ್ಯಬೇಡಿ. 'ಇದಕ್ಕೆ ಇಷ್ಟು ದೂರ ಬರಬೇಕಿತ್ತಾ' ಅನ್ನುತ್ತಾರೆ. ಅದು ನಮ್ಮಂಥವರಿಗೆ.

ಕಾಫಿಯ ಬಗ್ಗೆ ಎರಡು ಮಾತು. ಇಲ್ಲಿನ 'ಕೋಪಿ'ಯ ಬೀಜವನ್ನು ಸಕ್ಕರೆ, ಬೆಣ್ಣೆಯ ಜೊತೆ ಕಪ್ಪಗೆ ಹುರಿದು, ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಸುಮ್ನೆ ಕೋಪಿ ಅಂದರೆ ಮಂದ ಸಿಹಿಹಾಲು ಹಾಕಿ ಕೊಡುತ್ತಾರೆ, ಪಾಯಸವೇ ಸೈ. 'ಕೋಪಿ ಸಿ ಸ್ಯೂ ದಾಯ್' ಅನ್ನಿ. ಆವಿಯಾಗಿಸಿದ ಹಾಲು, ಸಕ್ಕರೆ ಕಮ್ಮಿ. ಫಿಲ್ಟರ್ ಕಾಫಿಗೆ ಅದು ಸಾಟಿಯಲ್ಲ, ಆದರೆ ಚೈನು ಕಾಫಿ ಅಂಗಡಿಗಳಿಗಿಂತ ಎಷ್ಟೋ ವಾಸಿ, ಬೆಲೆಯೂ ಎಷ್ಟೋ ಕಮ್ಮಿ.

ಕೊಲ್ಲಿಯ ದಂಡೆಯ ನೋಟ ನೋಡುತ್ತಾ ಊಟ ಮಾಡುವ ಆಸೆಯಿದ್ದರೆ ಮೊದಲು ಮೆನು ನೋಡಿ. ಅಂಥ ಒಂದು ಜಾಗದಲ್ಲಿ ನೀರಿನ ಬಾಟಲಿಗೆ ಕೊಟ್ಟ ದುಡ್ಡಿನಲ್ಲಿ ಟೆಕ್ಕಾದಲ್ಲಿ ಇಬ್ಬರು ಊಟ ಮಾಡಬಹುದಿತ್ತು.

ಕೂರಲು: ಹಳೆಯ ತೋಟ, ಹೊಸ ತೋಟ

ಬೊಟಾನಿಕ್ ಗಾರ್ಡನ್ಸ್ 1859ರದು. 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಳಗ್ಗೆ ಐದರಿಂದ ಮಧ್ಯರಾತ್ರಿವರೆಗೆ ತೆರೆದಿರುತ್ತದೆ, ಆರ್ಕಿಡ್ ತೋಟ ಬಿಟ್ಟರೆ ಟಿಕೆಟ್ಟಿಲ್ಲ. ಗಾರ್ಡನ್ಸ್ ಬೈ ದ ಬೇ 2012ರದು, ಸಮುದ್ರವನ್ನು ಮುಚ್ಚಿ ಮಾಡಿದ ನೆಲದ ಮೇಲೆ. ಹೊರಗಿನ ತೋಟ ಉಚಿತ, ಗಾಜಿನ ಗುಮ್ಮಟಗಳಿಗೆ ಟಿಕೆಟ್.

ನನ್ನ ಅಳತೆಯಲ್ಲಿ ಹಳೆಯ ತೋಟವೇ ಗೆಲ್ಲುತ್ತದೆ. ಚಾಪೆ, ಚುರುಮುರಿ ಡಬ್ಬಿ, ಒಂದು ಪುಸ್ತಕ ಇದ್ದರೆ ಸಾಕು. 5 ಡಾಲರ್ ನೋಟಿನ ಮೇಲಿರುವ ಟೆಂಬುಸು ಮರ ಇಲ್ಲೇ ಇದೆ. ನೆಲಕ್ಕೆ ಸಮವಾಗಿ ಚಾಚಿದ ಅದರ ಕೊಂಬೆಗೆ ಈಗ ಊರುಗೋಲು ಕೊಟ್ಟಿದ್ದಾರೆ. ಕಾಡುಕೋಳಿಗಳು ಯಾರ ಭಯವೂ ಇಲ್ಲದೆ ಚಾಪೆಯ ಪಕ್ಕದಲ್ಲೇ ಕೆದಕುತ್ತಿರುತ್ತವೆ. ಕೆರೆಯ ಕಡೆಯಿಂದ ಉಡ ಬಂದರೆ ಮಕ್ಕಳು ಕಾಲು ಮಡಚಿಕೊಳ್ಳುತ್ತಾರೆ, ದೊಡ್ಡವರು ಫೋನ್ ತೆಗೆಯುತ್ತಾರೆ. ಉಡ ತನ್ನ ಪಾಡಿಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಮಳೆ ಬರುವ ಸಂಭವ ಜಾಸ್ತಿ, ಕೊಡೆ ಇರಲಿ.

ಆದರೆ ಅಪ್ಪ, ಅಮ್ಮ ಬಂದಾಗ ಮಾತ್ರ ಗೆದ್ದದ್ದು ಹೊಸ ತೋಟ. ಅಮ್ಮನಿಗೆ ಮಂಡಿನೋವು. ಹಳೆಯ ತೋಟದ ಏರಿಳಿತದಲ್ಲಿ ಅರ್ಧ ದಾರಿಗೇ ಸಾಕಾಯಿತು. ಹೊಸ ತೋಟದಲ್ಲಿ ಪುಟ್ಟ ವಾಹನ ಇದೆ, ಗುಮ್ಮಟದೊಳಗೆ ತಂಪು, ಎಲ್ಲ ಕಡೆ ಲಿಫ್ಟು. ಕ್ಲೌಡ್ ಫಾರೆಸ್ಟ್ ಅನ್ನುವ ಗುಮ್ಮಟದ ಒಳಗೆ 35 ಮೀಟರಿನ ಜಲಪಾತ ಇದೆ. ಜೋಗ ನೋಡುತ್ತಾ ಬೆಳೆದ ಅಪ್ಪ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, 'ಇದರ ಸ್ವಿಚ್ ಎಲ್ಲಿದೆಯಮ್ಮಾ?' ಅಂದರು. ಅಮ್ಮ ಮಾತ್ರ ಕಲ್ಲಿನ ಮೇಲೆ ಹಬ್ಬಿಸಿದ ಆರ್ಕಿಡ್, ಜರಿಗಿಡಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ನಮ್ಮ ತೋಟದ ಮರದಲ್ಲಿ ತಾನಾಗಿ ಬೆಳೆಯುವ ಸೀತಾಳೆ ದಂಡೆಗೆ ಇಷ್ಟು ಮರ್ಯಾದೆ ಸಿಗಲಿಲ್ಲ ಅಂತ ಅವರಿಗೆ ಬೇಜಾರು. ಸಂಜೆ 7.45ಕ್ಕೆ, ಮತ್ತೆ 8.45ಕ್ಕೆ ಸೂಪರ್‌ಟ್ರೀಗಳ, ಅಂದರೆ ಮರದ ಆಕಾರದ ಎತ್ತರದ ಗೋಪುರಗಳ, ಬೆಳಕಿನಾಟ. ದುಡ್ಡಿಲ್ಲದೆ ನೋಡುವ ಅಷ್ಟು ದೊಡ್ಡ ಆಟ ಇಲ್ಲಿ ಇನ್ನೊಂದಿಲ್ಲ. ನೆಲದ ಮೇಲೆ ಮಲಗಿ ನೋಡಬೇಕು.

ಈಸ್ಟ್ ಕೋಸ್ಟ್ ಪಾರ್ಕನ್ನು ಕೆಲವರು ಇವೆರಡಕ್ಕಿಂತ ಮೇಲೆ ಇಡುತ್ತಾರೆ. ಸೈಕಲ್ಲಿಗೆ ಚೆನ್ನ. ಸಮುದ್ರಕ್ಕೆ ಅಂತ ಹೋಗಬೇಡಿ. ಕಾರವಾರ, ಗೋಕರ್ಣ ನೋಡಿದವರಿಗೆ ಅಲ್ಲಿ ಕಾಣುವುದು ಸಾಲಾಗಿ ನಿಂತ ಹಡಗುಗಳೇ.

ಸುತ್ತಲು: ಮ್ಯಾಕ್‌ರಿಚಿ ಮತ್ತು ಪುಲಾವ್ ಉಬಿನ್

ಮ್ಯಾಕ್‌ರಿಚಿ ಕೆರೆಯ ಸುತ್ತಲಿನ ಕಾಡು ಊರ ನಡುವೆಯೇ ಇದೆ. ಮರಗಳ ನೆತ್ತಿಯ ಮಟ್ಟದಲ್ಲಿ 250 ಮೀಟರ್ ಉದ್ದದ ತೂಗುಸೇತುವೆ, 2004ರಲ್ಲಿ ತೆರೆದದ್ದು. ಒಂದೇ ದಿಕ್ಕಿನ ನಡಿಗೆ, ಹಿಂದಕ್ಕೆ ಬರುವ ಹಾಗಿಲ್ಲ. ಕೆರೆಯಿಂದ ಹೋಗಿ ಬರುವಷ್ಟರಲ್ಲಿ ಹತ್ತು ಕಿಲೊಮೀಟರ್ ದಾಟುತ್ತದೆ, ಆದ್ದರಿಂದ ನೀರು ಜಾಸ್ತಿ ಒಯ್ಯಿರಿ. ಕೋತಿಗಳು ಚೀಲದ ಜಿಪ್ ತೆಗೆಯುವುದರಲ್ಲಿ ನಿಸ್ಸೀಮರು. ಪಾಪ ಅಂತ ಬಾಳೆಹಣ್ಣು ಕೊಟ್ಟೀರಿ, 5,000 ಡಾಲರ್‌ವರೆಗೆ ದಂಡ! ಸೋಮವಾರ ಸಾಮಾನ್ಯವಾಗಿ ಸೇತುವೆ ಮುಚ್ಚಿರುತ್ತದೆ.

ಉಬಿನ್ ಒಂದು ದ್ವೀಪ. ಚಾಂಗಿ ಪಾಯಿಂಟ್ ದೋಣಿಕಟ್ಟೆಯಿಂದ ಬಮ್ ಬೋಟ್ ಅನ್ನುವ ಪುಟ್ಟ ದೋಣಿ ಹತ್ತಬೇಕು, ಒಂದು ಸಲಕ್ಕೆ ಒಬ್ಬರಿಗೆ 4 ಡಾಲರ್. ಇದಕ್ಕೆ ವೇಳಾಪಟ್ಟಿ ಇಲ್ಲ. ಹನ್ನೆರಡು ಜನ ಸೇರಿದರೆ ದೋಣಿ ಹೊರಡುತ್ತದೆ. ಸೆಕೆಂಡಿನ ಲೆಕ್ಕದಲ್ಲಿ ರೈಲು ಓಡುವ ಈ ಊರಿನಲ್ಲಿ ಹನ್ನೊಂದು ಜನ ಬೆಂಚಿನ ಮೇಲೆ ಕೂತು ಹನ್ನೆರಡನೆಯವರ ದಾರಿ ಕಾಯುವುದನ್ನು ನೋಡಲೇಬೇಕು. ನಮ್ಮೂರ ಮ್ಯಾಕ್ಸಿ ಕ್ಯಾಬ್ ನೆನಪಾಗದೆ ಇರುವುದಿಲ್ಲ.

ಹತ್ತು ಹದಿನೈದು ನಿಮಿಷದಲ್ಲಿ ಆ ದಡ. ಅಲ್ಲಿನ ಮನೆಗಳಿಗೆ ಸಿಂಗಪುರದ ಕರೆಂಟ್ ತಂತಿಯೂ ಇಲ್ಲ, ನಲ್ಲಿ ನೀರೂ ಇಲ್ಲ, ಹೆಚ್ಚಾಗಿ ಜನರೇಟರು ಮತ್ತು ಬಾವಿ. ತಗಡಿನ ಮಾಡಿನ ಮನೆ, ಅಂಗಳದಲ್ಲಿ ರಂಬುಟಾನ್. ಸೈಕಲ್ ಬಾಡಿಗೆಗೆ ಸಿಗುತ್ತದೆ. ಬ್ರೇಕು ಹಿಡಿದು ನೋಡಿಯೇ ತೆಗೆದುಕೊಳ್ಳಿ, ಮಣ್ಣಿನ ದಾರಿಯಲ್ಲಿ ಇಳಿಜಾರು ಇದೆ. ಹಳೆಯ ಕಲ್ಲುಗಣಿಗಳಲ್ಲಿ ನೀರು ತುಂಬಿ ಕೆರೆಗಳಾಗಿವೆ. ಮಂಗಟ್ಟೆ ಹಕ್ಕಿ ಕಂಡರೆ ಅದೃಷ್ಟ, ಕಾಡುಹಂದಿ ಕಾಣಲು ಅದೃಷ್ಟ ಬೇಡ, ತಿಂಡಿಯ ಚೀಲ ಇದ್ದರೆ ಸಾಕು.

ಪೂರ್ವದ ತುದಿಯಲ್ಲಿ ಚೆಕ್ ಜಾವಾ. ಸೈಕಲ್ ಹೊರಗೇ ನಿಲ್ಲಿಸಿ ಹಲಗೆಯ ದಾರಿಯಲ್ಲಿ ಕಾಂಡ್ಲಾ ಕಾಡಿನ ನಡುವೆ ನಡೆಯಬೇಕು. ಸಮುದ್ರ ಇಳಿದ ಹೊತ್ತಲ್ಲಿ ಹೋದರೆ ಕೆಸರಿನಲ್ಲಿ ಒಂದೇ ಕೊಂಡಿ ದೊಡ್ಡದಿರುವ ಏಡಿಗಳು ಅದನ್ನು ಮೇಲೆ ಕೆಳಗೆ ಆಡಿಸುತ್ತಾ ನಿಂತಿರುತ್ತವೆ. 2001ರಲ್ಲಿ ಈ ಜಾಗವನ್ನೂ ಮಣ್ಣು ತುಂಬಿ ಮುಚ್ಚುವವರಿದ್ದರು. ಜನ ಬೇಡವೆಂದು ಕೇಳಿಕೊಂಡ ಮೇಲೆ ಸರ್ಕಾರ ಆ ಯೋಜನೆಯನ್ನು ತಡೆಹಿಡಿಯಿತು.

ಎರಡರಲ್ಲಿ ನನಗೆ ಉಬಿನ್. ಒಬ್ಬರೇ ಬಂದಿದ್ದೀರಿ, ನಡೆಯುವ ಹುಚ್ಚಿದೆ, ಅರ್ಧ ದಿನವಷ್ಟೇ ಇದೆ ಅಂದರೆ ಮ್ಯಾಕ್‌ರಿಚಿ. ಮಕ್ಕಳಿದ್ದು ಪೂರ್ತಿ ದಿನ ಇದ್ದರೆ ಉಬಿನ್. ಬೆಳಗ್ಗೆ ಬೇಗ ಹೋಗಿ, ದೋಣಿಗೆ ಚಿಲ್ಲರೆ ಇಟ್ಟುಕೊಳ್ಳಿ, ಕತ್ತಲಾಗುವ ಮೊದಲೇ ದೋಣಿಕಟ್ಟೆಗೆ ವಾಪಸ್ ಬನ್ನಿ. ತಡವಾದರೆ ಹನ್ನೆರಡು ಜನ ಸೇರುವುದು ಕಷ್ಟ, ಆಗ ದೋಣಿಯವರಿಗೆ ಉಳಿದ ಸೀಟಿನ ದುಡ್ಡನ್ನೂ ನೀವೇ ಕೊಟ್ಟು ಹೊರಡಿಸಬೇಕಾಗುತ್ತದೆ.