ಮಣ್ಣಿನ ಮೈದಾನಕ್ಕ ನಂಬಿಕಸ್ಥ ಸೀಟಿ
ಗದಗದಿಂದ ಹಾವೇರಿಗೆ ಕೆಳದರ್ಜೆಯ ಲೀಗ್ ಪಂದ್ಯಕ್ಕ ರೆಫರಿಯಾಗಿ ಹೋದಾಗ ಫಾಕ್ಸ್ 40 ಕ್ಲಾಸಿಕ್ ಸೀಟಿ ಒಯ್ದಿದ್ದೆ. ಪರಊರಿನ ರೆಫರಿ ಅಂದ್ರ ಆಟಗಾರರು ಮೊದಲ ಹತ್ತು ನಿಮಿಷ ಪರೀಕ್ಷೆ ಮಾಡೇ ಮಾಡ್ತಾರ. ಅಲ್ಲಿ ಸೀಟಿ ತಡವರಿಸಿದ್ರ ಪಂದ್ಯ ಕೈತಪ್ಪಿದಂಗ.

ಸಾದಾ ಸೀಟಿಯೊಳಗ ಉರುಳಾಡೂ ಸಣ್ಣ ಗುಂಡು ಇದರೊಳಗ ಇಲ್ಲ. ಹಂಗಾಗಿ ಧೂಳು, ಉಗುಳು ಸೇರಿ ಗುಂಡು ಸಿಕ್ಕೊಂಡು ದನಿ ನಿಲ್ಲೂ ಪ್ರಶ್ನೆನೇ ಇಲ್ಲ. ಕೆನಡಾದ ಬಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್, ತಮ್ಮ ಗುಂಡಿನ ಸೀಟಿ ಪಂದ್ಯದಾಗ ಕೈಕೊಟ್ಟ ಮ್ಯಾಲೆ ಇದನ್ನ ಮಾಡಿಸಿ 1987ರಾಗ ಮಾರುಕಟ್ಟೆಗೆ ತಂದ್ರು. ಆಟ ಬಲ್ಲವರ ಕೆಲಸ ಅಂತ ಊದಿದ ಕೂಡಲೇ ಗೊತ್ತಾಗತೈತಿ. ಗಾಳಿ ಬೀಸಿದ್ರೂ ಆಚೆ ಗೋಲ್‌ಕೀಪರ್ ತನಕ ಕೇಳಿಸ್ತು.

ಕೊರತೆ ಒಂದೈತಿ: ಸಣ್ಣ ತಪ್ಪಿಗೆ ಮೆತ್ತಗ ಊದೂದು ಕಷ್ಟ, ಹತ್ರ ನಿಂತವರ ಕಿವಿ ಗುಂಯ್ ಅಂತಾವು. ಸಣ್ಣ ಹುಡುಗರ ಪಂದ್ಯಕ್ಕ ನಾ ಇದನ್ನ ಒಯ್ಯಂಗಿಲ್ಲ.