ಬ್ರಾಯ್ಲರ್ ಕೋಳಿಗೆ ಬ್ಯಾಸಿಲಸ್ಸೋ, ಲ್ಯಾಕ್ಟೋಬ್ಯಾಸಿಲಸ್ಸೋ?

ಎರಡೂ ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಮಾಡಲೆಂದು ಕೊಡುವ ಬ್ಯಾಕ್ಟೀರಿಯಾ. ಪೆಲೆಟ್ ಫೀಡ್ (ಒತ್ತಿ ಗುಳಿಗೆ ಮಾಡಿದ ಮೇವು) ಹಾಕುವವರು ಬ್ಯಾಸಿಲಸ್ ಆರಿಸಿಕೊಳ್ಳಿ. ಪೆಲೆಟ್ ಮಾಡುವಾಗ ಫೀಡು 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಾಗುತ್ತದೆ. ಬ್ಯಾಸಿಲಸ್‌ನ ಬೀಜಕಣಕ್ಕೆ ಗಟ್ಟಿ ಕವಚ ಇದೆ. ಆ ಬಿಸಿ ತಡೆದುಕೊಂಡು, ಕೋಳಿಯ ಕರುಳಿಗೆ ಹೋಗಿ ಮೊಳೆಯುತ್ತದೆ. ಚೀಲದಲ್ಲೂ ಬೇಗ ಕೆಡುವುದಿಲ್ಲ.

ಲ್ಯಾಕ್ಟೋಬ್ಯಾಸಿಲಸ್‌ಗೆ ಆ ಕವಚ ಇಲ್ಲ, ಬಿಸಿಗೆ ಸಾಯುತ್ತದೆ. ಆದರೆ ಕೋಳಿಯ ಕರುಳು ಅದರ ಸ್ವಂತ ಮನೆ ಇದ್ದ ಹಾಗೆ. ಅಲ್ಲಿ ಲ್ಯಾಕ್ಟಿಕ್ ಆಮ್ಲ ಬಿಟ್ಟು, ಸಾಲ್ಮೊನೆಲ್ಲಾದಂಥ ಕೆಟ್ಟ ಬ್ಯಾಕ್ಟೀರಿಯಾ ನೆಲೆಯೂರಲು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಮೊದಲ ದಿನದ ಮರಿಗೆ ಕುಡಿಯುವ ನೀರಿನಲ್ಲಿ ಇದನ್ನೇ ಕೊಡಿ ಎನ್ನುತ್ತೇನೆ. ಕ್ಲೋರಿನ್ ಹಾಕಿದ ನೀರು ಮಾತ್ರ ಬೇಡ, ಅದರಲ್ಲಿ ಇದು ಸಾಯುತ್ತದೆ, ಸುಮ್ನೆ ದುಡ್ಡು ಹಾಳು.

ಯಾವುದನ್ನೇ ಕೊಡುವ ಮೊದಲು, ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟನ್ನು (ಲಿಟರ್) ಒಂದು ಹಿಡಿ ಎತ್ತಿ ಅಮುಕಿ ನೋಡಿ. ಉಂಡೆ ಕಟ್ಟುವಷ್ಟು ಒದ್ದೆಯಿದ್ದರೆ ಮೊದಲು ಅದನ್ನು ಸರಿಮಾಡಿ.