ಭುಜಕ್ಕೂ ಮಂಡಿಗೂ ಫಿಸಿಯೋಥೆರಪಿ: ಕೆಲವು ವರ್ಷಗಳ ನಂತರ ನನ್ನ ಅಭಿಪ್ರಾಯ

ಮೊದಲು ಭುಜ, ಆಮೇಲೆ ಮಂಡಿ. ಹೀಗೆ ಫಿಸಿಯೋಥೆರಪಿಗೂ ನನಗೂ ಹಳೇ ಪರಿಚಯ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಕಿತ್ತುಕೊಂಡಿದ್ದು ಯಂತ್ರಗಳು.

ಭುಜದ ಕೀಲನ್ನು ಜಾಗದಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳಿವೆ, ರೊಟೇಟರ್ ಕಫ್ ಅನ್ನುತ್ತಾರೆ. ನನ್ನ ತೊಂದರೆ ಅಲ್ಲೇ ಇತ್ತು. ಕೈ ಎತ್ತಿದರೆ ನೋವು, ಆ ಮಗ್ಗುಲಿಗೆ ಮಲಗಿದರೆ ನಿದ್ದೆ ಇಲ್ಲ. ಮೊದಲು ಹೋದ ಕಡೆ ಕರೆಂಟ್ ಕೊಡುವ ಯಂತ್ರ, ಅಲ್ಟ್ರಾಸೌಂಡ್, ಶಾಖ, ಮುಗೀತು. ಮಲಗಿದ್ದು ಎದ್ದು ಬರುವುದು. ಸಂಜೆವರೆಗೆ ಹಗುರ ಅನಿಸುತ್ತಿತ್ತು, ಬೆಳಿಗ್ಗೆ ಮತ್ತೆ ಅದೇ ಕಥೆ. ಭುಜವನ್ನು ಯಾರೂ ನೆಟ್ಟಗೆ ಹಿಡಿದು ತಿರುಗಿಸಿಯೂ ನೋಡಲಿಲ್ಲ.

ಆಮೇಲೆ ಸಿಕ್ಕ ಫಿಸಿಯೋ ಮೊದಲ ಭೇಟಿಯ ಮುಕ್ಕಾಲು ಪಾಲು ಬರೀ ಪ್ರಶ್ನೆಯಲ್ಲೇ ಕಳೆದರು. ಏನು ಕೆಲಸ, ಯಾವ ಕೈಯಲ್ಲಿ ಭಾರ ಎತ್ತುತ್ತೀರಿ, ರಾತ್ರಿ ನೋವು ಜಾಸ್ತಿಯಾ, ಕುತ್ತಿಗೆ ತಿರುಗಿಸಿದರೆ ಕೈಗೆ ಜುಮ್ಮು ಹಿಡಿಯುತ್ತಾ, ಹೀಗೆ. ಆಮೇಲೆ ಅವರ ಕೈಗೆ ಎದುರಾಗಿ ನನ್ನ ಕೈ ಒತ್ತಿಸಿ, ಶಕ್ತಿ ಎಲ್ಲಿ ಕಮ್ಮಿಯಾಗಿದೆ ಅಂತ ನೋಡಿದರು. ಮನೆಗೆ ಕೊಟ್ಟಿದ್ದು ಎರಡು ಮೂರೇ ವ್ಯಾಯಾಮ. ಮೊದಲು ಗೋಡೆಗೆ ಕೈ ಒತ್ತಿ ಹಿಡಿಯುವುದು, ಆಮೇಲೆ ರಬ್ಬರ್ ಪಟ್ಟಿ ಎಳೆಯುವುದು, ಅದು ಸುಲಭವಾದ ಮೇಲೆ ಡಂಬೆಲ್. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಯೂ ಜಾಸ್ತಿಯೇ ಇದ್ದರೆ ಭಾರ ಇಳಿಸಿ ಅಂದರು. ಈ ಒಂದು ಮಾತಿನಿಂದ ನನ್ನ ಭಯ ಅರ್ಧ ಹೋಯಿತು, ಯಾಕಂದರೆ ಅಲ್ಲಿವರೆಗೆ ಚುರುಕ್ ಅಂದ ಕೂಡಲೇ ಒಳಗೆ ಏನೋ ಹರಿಯಿತು ಅಂತ ಕೈ ಬಿಟ್ಟುಬಿಡುತ್ತಿದ್ದೆ.

ಬೇಗ ವಾಸಿಯಾಗಲಿ ಅನ್ನುವವರಿಗೆ ಇದು ಬೇಸರದ ದಾರಿ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗೆ ರಕ್ತ ಸಂಚಾರ ಕಡಿಮೆ, ಹಾಗಾಗಿ ಅದು ನಿಧಾನಕ್ಕೇ ಗಟ್ಟಿಯಾಗುತ್ತದೆ. ಹಿಮ್ಮಡಿಯ ಟೆಂಡನ್ ನೋವಿಗೆ ತುಂಬ ಬಳಕೆಯಲ್ಲಿರುವ ಹಿಮ್ಮಡಿ ಇಳಿಸುವ ವ್ಯಾಯಾಮವೇ 12 ವಾರದ್ದು. ನಡುವೆ ಏನೂ ಬದಲಾಗುತ್ತಿಲ್ಲ ಅನಿಸುವ ವಾರಗಳು ಬರುತ್ತವೆ, ಹೆಚ್ಚಿನವರು ಬಿಡುವುದು ಆಗಲೇ.

ಮಂಡಿಯದು ಬೇರೆ ಕಥೆ. ಎಂಆರ್‌ಐ ರಿಪೋರ್ಟಿನಲ್ಲಿ ಮೆನಿಸ್ಕಸ್, ಅಂದರೆ ಮಂಡಿಯೊಳಗೆ ಮೆತ್ತೆಯಂತಿರುವ ಮೃದ್ವಸ್ಥಿ, ಹರಿದಿದೆ ಅಂತ ಬರೆದಿತ್ತು. ಆ ಪದ ಓದಿದರೇ ಕಾಲು ಕುಸಿಯುತ್ತೆ, ಅಲ್ವಾ? ಆದರೆ ವಯಸ್ಸಾದಂತೆ ಸವೆದು ಹರಿದದ್ದು ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಕಾಣುತ್ತದೆ. ಫಿನ್ಲೆಂಡಿನಲ್ಲಿ ಹೀಗೆ ಸವೆದು ಹರಿದ ಮೆನಿಸ್ಕಸ್‌ಗೆ ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಬರೀ ನೆಪದ ಆಪರೇಷನ್ ಮಾಡಿ ಹೋಲಿಸಿ ನೋಡಿದ್ದರು. ಒಂದು ವರ್ಷದ ನಂತರ ಎರಡೂ ಗುಂಪಿನ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2013ರಲ್ಲಿ ಬಂದ ಫಲಿತಾಂಶ ಇದು. ನಾನು ತೊಡೆ ಮತ್ತು ಸೊಂಟದ ಸ್ನಾಯು ಗಟ್ಟಿ ಮಾಡುವ ದಾರಿ ಹಿಡಿದೆ. ಈಗ ಮೆಟ್ಟಿಲು ಹತ್ತುತ್ತೇನೆ. ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತರೆ ಮಾತ್ರ ಇವತ್ತಿಗೂ ಗೊಣಗುತ್ತದೆ. ಆಟದಲ್ಲಿ ಪೆಟ್ಟು ಬಿದ್ದು ಹರಿದಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗಾಗದೇ ಇದ್ದರೆ ಲೆಕ್ಕ ಬೇರೆ, ಮೂಳೆ ಡಾಕ್ಟರನ್ನೇ ಕೇಳಬೇಕು.

ಹಾಗೇ ಕಾಲು ಉಳುಕಿ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಮೊದಲು ಎಕ್ಸ್‌ರೇ. ಕೀಲು ಕೆಂಪಾಗಿ ಬಿಸಿಯಾಗಿ ಜ್ವರವೂ ಇದ್ದರೆ, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಫಿಸಿಯೋ ಆಮೇಲೆ.

ಎಲ್ಲಿಗೆ ಹೋಗೋದು ಅಂತ ಕೇಳುವವರಿಗೆ: ಫೋನಿನಲ್ಲೇ ಎರಡು ಪ್ರಶ್ನೆ ಕೇಳಿಬಿಡಿ. ಪ್ರತಿ ಸಲ ಒಬ್ಬರೇ ನೋಡುತ್ತಾರಾ, ಮನೆಗೆ ವ್ಯಾಯಾಮ ಕೊಟ್ಟು ಮುಂದಿನ ಸಲ ಅದನ್ನು ಮಾಡಿಸಿ ನೋಡುತ್ತಾರಾ? ಯಂತ್ರ ಇದ್ದರೆ ಇರಲಿ, ಅದೊಂದೇ ಆಗಬಾರದು. ಕೈಯಿಂದ ಒತ್ತಿ ಸಡಿಲ ಮಾಡುವುದೂ ಅಷ್ಟೇ, ಆ ಹೊತ್ತಿಗೆ ಹಿತ, ವ್ಯಾಯಾಮ ಶುರು ಮಾಡಲು ಅನುಕೂಲ. ನಿಮ್ಮನ್ನು ನೋಡುವ ಮೊದಲೇ ಇಷ್ಟು ಸಿಟ್ಟಿಂಗ್ ಬೇಕು, ಪ್ಯಾಕೇಜ್ ತಗೊಳ್ಳಿ ಅಂದರೆ ಸುಮ್ನೆ ಬೇರೆ ಕಡೆ ವಿಚಾರಿಸಿ.